ಹೋರಾ ಮತ್ತು ಕಾವೇರಿಯ ಗೂನು ಮೀನು

ಬನಶಂಕರಿಯ ನಮ್ಮ ಮನೆಯ ನಲ್ಲಿಗೆ ತೊರೆಕಾಡನಹಳ್ಳಿಯಿಂದ ಕಾವೇರಿ ಬರುತ್ತಾಳೆ. ಅದೇ ಹೊಳೆಯಲ್ಲಿ ಐವತ್ತು ಕೆ.ಜಿ. ದಾಟಿ ಬೆಳೆಯಬಲ್ಲ, ಬೆನ್ನು ಗೂನಾದ ಮಹಶೀರ್ ಮೀನಿದೆ ಎಂಬುದು ಎಂ.ಎಸ್ಸಿ. ಪ್ರಾಣಿಶಾಸ್ತ್ರ ಓದುವವರೆಗೂ ನನಗೆ ಗೊತ್ತಿರಲಿಲ್ಲ. ಅದರ ಹೆಸರಿನ ಗೊಂದಲ ಬಿಡಿಸುತ್ತಾ ಹೋದಾಗ ಸಿಕ್ಕವರು ಸುಂದರ್ ಲಾಲ್ ಹೋರಾ.

ಹೋರಾ ಹುಟ್ಟಿದ್ದು 1896ರಲ್ಲಿ, ಈಗ ಪಾಕಿಸ್ತಾನಕ್ಕೆ ಸೇರಿರುವ ಹಾಫಿಜಾಬಾದ್‌ನಲ್ಲಿ. ಲಾಹೋರಿನಲ್ಲಿ ಓದುವಾಗ ಭಾರತೀಯ ಪ್ರಾಣಿ ಸರ್ವೇಕ್ಷಣಾಲಯದ ನೆಲ್ಸನ್ ಅನಂಡೇಲ್ ಕಣ್ಣಿಗೆ ಬಿದ್ದು ಕಲ್ಕತ್ತೆಗೆ ಹೋದರು. ಬೆಟ್ಟದ ತೊರೆಯ ಮೀನುಗಳು ರಭಸಕ್ಕೆ ಕೊಚ್ಚಿಹೋಗದೆ ಹೇಗೆ ಉಳಿಯುತ್ತವೆ ಎಂದು ವರ್ಷಗಟ್ಟಲೆ ಅಧ್ಯಯನ ಮಾಡಿದರು. 1947ರಲ್ಲಿ ಆ ಸಂಸ್ಥೆಯ ನಿರ್ದೇಶಕರಾಗಿ, 1955ರಲ್ಲಿ ತೀರಿಕೊಳ್ಳುವವರೆಗೂ ಅಲ್ಲೇ ಇದ್ದರು.

ನನಗೆ ಇಷ್ಟವಾದದ್ದು ಅವರ ಇನ್ನೊಂದು ಹುಚ್ಚು. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಗಾಳ ಹಾಕುವುದರ ಬಗ್ಗೆಯೇ ಮತ್ಸ್ಯವಿನೋದ ಎಂಬ ಭಾಗವಿದೆ. ನಮ್ಮ ಬಸವಕಲ್ಯಾಣದ ಆ ರಾಜ ಹೇಳಿದ ಮೀನುಗಳ ಬೆನ್ನುಹತ್ತಿ ಹೋರಾ 1951ರಲ್ಲಿ ಲೇಖನ ಬರೆದರು.

ಇಂಥವರೂ ಮಹಶೀರ್ ವಿಷಯದಲ್ಲಿ ಎಡವಿದರು. 1839ರಲ್ಲಿ ಸೈಕ್ಸ್ ಎಂಬ ಬ್ರಿಟಿಷ್ ಅಧಿಕಾರಿ ದಖ್ಖನ್ನಿನ ಮೀನೊಂದಕ್ಕೆ ಮುಸುಲ್ಲಾ ಎಂದು ಹೆಸರಿಟ್ಟಿದ್ದ. ಅದು ಮಹಶೀರ್ ಎಂದು 1940ರ ದಶಕದಲ್ಲಿ ಹೋರಾ ಬರೆದರು. ಹೋರಾ ಹೇಳಿದ ಮೇಲೆ ಕೇಳುವವರು ಯಾರು? ಕಾವೇರಿಯ ಗೂನು ಮೀನಿಗೂ ಟಾರ್ ಮುಸುಲ್ಲಾ ಎಂಬ ಹೆಸರೇ ಅಂಟಿತು. ಮುಸುಲ್ಲಾ ಮಹಶೀರೇ ಅಲ್ಲ, ಹಿಪ್ಸೆಲೊಬಾರ್ಬಸ್ ಎಂಬ ಬೇರೆ ಕುಲದ್ದು ಎಂದು 2013ರಲ್ಲಿ ಸಂಶೋಧಕರು ತೋರಿಸಿದಾಗ ನಮ್ಮ ಮೀನಿಗೆ ಹೆಸರೇ ಇಲ್ಲದಾಯಿತು.

ಮೀನಿನ ಹೆಸರು ಕಟ್ಟಿಕೊಂಡು ಏನಾಗಬೇಕು ಎಂದು ಮನೆಗೆ ಬಂದವರು ಕೇಳುತ್ತಾರೆ. ನನಗಿನ್ನೂ ಕೆಲಸ ಸಿಕ್ಕಿಲ್ಲ, ಕೇಳಲಿ ಬಿಡಿ. ಆದರೆ ವೈಜ್ಞಾನಿಕ ಹೆಸರಿಲ್ಲದ ಜೀವಿಯನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸಲು ಆಗುವುದಿಲ್ಲ. ಅಷ್ಟರಲ್ಲಿ ಅಣೆಕಟ್ಟು, ಸಿಡಿಮದ್ದಿನ ಬೇಟೆ, ಹೊರಗಿನಿಂದ ತಂದು ಬಿಟ್ಟ ನೀಲಿ ರೆಕ್ಕೆಯ ಮಹಶೀರ್ ಎಲ್ಲ ಸೇರಿ ಗೂನು ಮೀನನ್ನು ಮೂಲೆಗೊತ್ತಿದ್ದವು.

ಕಾವೇರಿ ಕಣಿವೆಯದೇ ಆದ ಮೋಯಾರ್ ನದಿಯ ಮೀನುಗಳ ಮೈಕಟ್ಟು, ಡಿಎನ್‌ಎ ಎರಡನ್ನೂ ಪರೀಕ್ಷಿಸಿದ ಮೇಲೆ 2018ರಲ್ಲಿ ಒಗಟು ಬಿಡಿಸಿತು. ಕೇರಳದ ಪಾಂಬಾರ್ ಹೊಳೆಯ ಮರಿಮೀನುಗಳನ್ನು ನೋಡಿ 2007ರಲ್ಲಿ ಟಾರ್ ರೆಮಾದೇವಿ ಎಂದು ಹೆಸರಿಟ್ಟಿದ್ದ ಮೀನೇ ಇದು! ಅದೇ ವರ್ಷ ಐಯುಸಿಎನ್ ಅದನ್ನು ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿತು. ಆ ಹೆಸರಿನ ಹಿಂದಿರುವ ಕೆ. ರೆಮಾದೇವಿ, ಹೋರಾ ಮುನ್ನಡೆಸಿದ ಅದೇ ಪ್ರಾಣಿ ಸರ್ವೇಕ್ಷಣಾಲಯದ ಮೀನು ವಿಜ್ಞಾನಿ.