ಬೆಂಗಳೂರಿಗೆ ಹೂವಿನ ಪಂಚಾಂಗ ಬರೆದ ಕ್ರುಂಬಿಗಲ್

ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ ಬೆಂಗಳೂರಿಗೆ ಹೋಗಿಬಂದ ದೆಹಲಿ ಕನ್ನಡಿಗರು ಅಲ್ಲಿನ ಬೀದಿಗಳ ಬಣ್ಣವನ್ನು ವರ್ಣಿಸದೆ ಇರಲಾರರು. ಒಂದು ಬೀದಿಯಲ್ಲಿ ಜಕರಂಡದ ನೀಲಿ, ಇನ್ನೊಂದರಲ್ಲಿ ಟಬೂಬಿಯಾದ ಹಳದಿ. ಬೇಸಿಗೆ ಬಲಿಯುತ್ತಿದ್ದಂತೆ ಗುಲ್‌ಮೊಹರಿನ ಕೆಂಪು ಎಲ್ಲವನ್ನೂ ಮೀರಿ ನಿಲ್ಲುತ್ತದೆ. ಈ ಬಣ್ಣಗಳು ಒಂದರ ಬೆನ್ನಿಗೆ ಒಂದು ಬರುವುದು ಆಕಸ್ಮಿಕವಲ್ಲ. ಅದರ ಹಿಂದೆ ಒಬ್ಬ ತೋಟಗಾರನ ಲೆಕ್ಕಾಚಾರವಿದೆ. ಜರ್ಮನಿಯಲ್ಲಿ ಹುಟ್ಟಿ, ಮೈಸೂರು ಸಂಸ್ಥಾನಕ್ಕಾಗಿ ದುಡಿದು, ಬೆಂಗಳೂರಿನ ಮಣ್ಣಿನಲ್ಲಿಯೇ ಒಂದಾದ ಆ ಮಹನೀಯರು ಗುಸ್ತಾವ್ ಹರ್ಮನ್ ಕ್ರುಂಬಿಗಲ್.

ಕ್ರುಂಬಿಗಲ್ ಅವರು ಜನಿಸಿದ್ದು 1865ರ ಡಿಸೆಂಬರ್ 18ರಂದು, ಸ್ಯಾಕ್ಸನಿ ಪ್ರಾಂತದ ಡ್ರೆಸ್ಡನ್ ನಗರದ ಸಮೀಪವಿರುವ ಲೋಮೆನ್ ಎಂಬ ಊರಿನಲ್ಲಿ. ಪಿಲ್‌ನಿಟ್ಸ್‌ನಲ್ಲಿ ತೋಟಗಾರಿಕೆಯ ತರಬೇತಿ ಪಡೆದ ಅವರು ಯೌವನದಲ್ಲಿಯೇ ಇಂಗ್ಲೆಂಡಿಗೆ ತೆರಳಿದರು. ಲಂಡನ್ನಿನ ಹೈಡ್ ಪಾರ್ಕಿನ ಹೂಪಾತಿಗಳಲ್ಲಿ ದುಡಿದರು. ಬಳಿಕ ಕ್ಯೂ ಸಸ್ಯೋದ್ಯಾನವನ್ನು ಸೇರಿದರು. ಜಗತ್ತಿನ ಉಷ್ಣವಲಯದ ಸಸ್ಯಗಳೆಲ್ಲ ಅಂದು ಕ್ಯೂ ಉದ್ಯಾನದ ಗಾಜಿನ ಮನೆಗಳಿಗೆ ಬಂದು, ಅಲ್ಲಿಂದ ಬೇರೆ ಬೇರೆ ದೇಶಗಳಿಗೆ ಹೋಗುತ್ತಿದ್ದವು. ಆಫ್ರಿಕದ ಮರ ಏಷ್ಯಾಕ್ಕೆ, ದಕ್ಷಿಣ ಅಮೆರಿಕದ ಮರ ಭಾರತಕ್ಕೆ ಸಾಗುವುದನ್ನು ಪ್ರಗತಿಯೆಂದೇ ಎಣಿಸಿದ ಕಾಲವದು. ಹೊರಗಿನಿಂದ ಬಂದ ಮರವೊಂದು ನೆಲವನ್ನೇ ಆಕ್ರಮಿಸೀತೆಂಬ ಚಿಂತೆ ಅಂದಿನ ತೋಟಗಾರಿಕೆಯಲ್ಲಿ ಇನ್ನೂ ಬೇರೂರಿರಲಿಲ್ಲ.

1893ರಲ್ಲಿ ಬಡೋದೆಯ ಮಹಾರಾಜ ಮೂರನೆಯ ಸಯಾಜಿರಾವ್ ಗಾಯಕವಾಡರ ಸೇವೆಗೆ ಸೇರಿ ಕ್ರುಂಬಿಗಲ್ ಭಾರತಕ್ಕೆ ಬಂದರು. ಆಗ ಅವರ ವಯಸ್ಸು ಇಪ್ಪತ್ತೇಳು. ಗುಜರಾತಿನ ಬಿರುಬಿಸಿಲು ಯುರೋಪಿನ ತೋಟಗಾರನಿಗೆ ಹೊಸ ಪಾಠಶಾಲೆಯಾಯಿತು. ಗಾಯಕವಾಡರ ಆಸ್ತಿಯಿದ್ದ ಉದಕಮಂಡಲದಲ್ಲಿಯೂ ಅವರು ಕೆಲಸ ಮಾಡಿದರು. ಬಯಲಿನ ಸೆಕೆ, ಬೆಟ್ಟದ ಚಳಿ ಎರಡನ್ನೂ ಕಂಡ ಈ ಹದಿನೈದು ವರ್ಷಗಳ ಅನುಭವವೇ ಅವರ ಮುಂದಿನ ಕಾರ್ಯಕ್ಕೆ ಬುನಾದಿಯಾಯಿತು.

ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, 1908ರಲ್ಲಿ, ಕ್ರುಂಬಿಗಲ್ ಬೆಂಗಳೂರಿಗೆ ಬಂದು ಲಾಲ್‌ಬಾಗಿನ ಹೊಣೆ ಹೊತ್ತರು. ಅವರಿಗಿಂತ ಮೊದಲು 1874ರಿಂದ ಅಲ್ಲಿದ್ದ ಜಾನ್ ಕ್ಯಾಮರಾನ್ ಉದ್ಯಾನವನ್ನು ವಿಸ್ತರಿಸಿ, ಹಲವು ಪರದೇಶಿ ಸಸ್ಯಗಳನ್ನು ಪರಿಚಯಿಸಿದ್ದರು. ಕ್ರುಂಬಿಗಲ್ ಆ ಬಳುವಳಿಯನ್ನು ಉದ್ಯಾನದ ಬೇಲಿಯಿಂದಾಚೆಗೆ, ಬೀದಿಗಳಿಗೆ ಕೊಂಡೊಯ್ದರು. ಬೇರೆ ದೇಶಗಳ ಸಸ್ಯೋದ್ಯಾನಗಳೊಡನೆ ಬೀಜಗಳ ವಿನಿಮಯ ನಡೆಸುವುದು, ಬಂದ ಬೀಜವನ್ನು ಸಸಿಮಡಿಯಲ್ಲಿ ಬೆಳೆಸುವುದು, ಅದು ಇಲ್ಲಿನ ಹವೆಗೆ ಒಗ್ಗುವುದೇ ಎಂದು ನೋಡುವುದು, ಒಗ್ಗಿದುದನ್ನು ತಕ್ಕ ಬೀದಿಗೆ ಕಳುಹಿಸುವುದು ಅವರ ಕ್ರಮವಾಗಿತ್ತು.

ಅವರ ಹೆಸರನ್ನು ಚಿರಸ್ಥಾಯಿಯಾಗಿಸಿದ್ದು ಸರಣಿ ಹೂಬಿಡುವಿಕೆಯ ಯೋಜನೆ. ವರ್ಷದ ಯಾವ ತಿಂಗಳಿನಲ್ಲಿಯೂ ನಗರದ ಯಾವುದಾದರೂ ಬೀದಿಯಲ್ಲಿ ಹೂವಿರಬೇಕು ಎಂಬುದು ಅದರ ಆಶಯ. ಇದನ್ನು ಹೂವಿನ ಪಂಚಾಂಗವೆಂದು ಕರೆಯಬಹುದು. ಒಂದೊಂದು ಮರವೂ ಎಂದು ಎಲೆ ಉದುರಿಸುತ್ತದೆ, ಎಂದು ಮೊಗ್ಗು ಕಟ್ಟುತ್ತದೆ, ಎಷ್ಟು ದಿನ ಅರಳಿ ನಿಲ್ಲುತ್ತದೆ, ನೆರಳು ಎಷ್ಟು, ಬೇರಿನ ಹರವು ಎಷ್ಟು ಎಂಬುದೆಲ್ಲ ತಿಳಿಯದೆ ಇಂತಹ ಯೋಜನೆ ಸಾಧ್ಯವಿಲ್ಲ. ಬ್ರೆಜಿಲ್, ಅರ್ಜೆಂಟೀನ ಕಡೆಯ ಜಕರಂಡ, ಮಡಗಾಸ್ಕರ್ ದ್ವೀಪದ ಗುಲ್‌ಮೊಹರ್, ಮಧ್ಯ ಅಮೆರಿಕದ ಟಬೂಬಿಯಾ ಮುಂತಾದ ಅತಿಥಿಗಳೊಡನೆ ನಮ್ಮದೇ ಕಕ್ಕೆ, ಹೊಂಗೆ, ಹೊಳೆದಾಸವಾಳಗಳೂ ಬೆಂಗಳೂರಿನ ಬೀದಿಗಳಲ್ಲಿ ಪಾಲು ಪಡೆದವು ಎಂಬುದನ್ನು ಮರೆಯಲಾಗದು.

ಆದರೆ ಈ ಬದುಕು ಹೂವಿನ ಹಾಸಿಗೆಯಾಗಿರಲಿಲ್ಲ. 1914ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾದಾಗ ಬ್ರಿಟಿಷ್ ಸರ್ಕಾರದ ಕಣ್ಣಿಗೆ ಕ್ರುಂಬಿಗಲ್ ಶತ್ರುದೇಶದ ಪ್ರಜೆಯಾದರು. ತಾವು ನೆಟ್ಟ ಸಾಲುಮರಗಳು ಬೇರುಬಿಡುತ್ತಿದ್ದ ಹೊತ್ತಿನಲ್ಲಿ ಅವರು ಬಂಧನವನ್ನು ಅನುಭವಿಸಬೇಕಾಯಿತು. ಬಿಡುಗಡೆಯ ನಂತರ ಮತ್ತೆ ಕೆಲಸಕ್ಕೆ ಮರಳಿದರು. ಎರಡನೆಯ ಮಹಾಯುದ್ಧದಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಅದೇ ಸಂಕಟ ಮರುಕಳಿಸಿತು. ಆದರೂ ಯುದ್ಧ ಮುಗಿದ ಮೇಲೆ ಅವರು ಈ ನೆಲವನ್ನು ಬಿಟ್ಟು ಹೋಗಲಿಲ್ಲ.

1912ರಲ್ಲಿ ಸ್ಥಾಪನೆಯಾದ ಮೈಸೂರು ಉದ್ಯಾನಕಲಾ ಸಂಘದ ಬೆಳವಣಿಗೆಯಲ್ಲಿ ಅವರ ಪಾತ್ರ ದೊಡ್ಡದು. ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಅವರ ಕಾಲದಲ್ಲಿ ಕನ್ನಂಬಾಡಿ ಕಟ್ಟೆಯ ಕೆಳಗೆ ಮೈದಳೆದ ಬೃಂದಾವನ ಉದ್ಯಾನದಲ್ಲಿಯೂ ಅವರ ಕೈವಾಡವಿದೆ. 1932ರಲ್ಲಿ ನಿವೃತ್ತರಾದಾಗ ಲಾಲ್‌ಬಾಗಿನ ಹೊಣೆ ಎಚ್. ಸಿ. ಜವರಾಯ ಅವರಿಗೆ ಬಂದಿತು. ಆ ಸ್ಥಾನಕ್ಕೇರಿದ ಮೊದಲ ಭಾರತೀಯರು ಅವರು. ಮುಂದೆ ಡಾ. ಎಂ. ಎಚ್. ಮರಿಗೌಡರು ಆ ಪರಂಪರೆಯನ್ನು ರಾಜ್ಯದಾದ್ಯಂತ ಹಬ್ಬಿಸಿದರು. ನಿವೃತ್ತಿಯ ಬಳಿಕವೂ ಕ್ರುಂಬಿಗಲ್ ಸಲಹೆಗಾರರಾಗಿ ದುಡಿದು, 1956ರ ಫೆಬ್ರವರಿ 8ರಂದು, ತೊಂಬತ್ತನೆಯ ವಯಸ್ಸಿನಲ್ಲಿ ಬೆಂಗಳೂರಿನಲ್ಲಿ ನಿಧನರಾದರು. ಹೊಸೂರು ರಸ್ತೆಯ ಮೆಥೋಡಿಸ್ಟ್ ಸ್ಮಶಾನದಲ್ಲಿ ಅವರ ಸಮಾಧಿಯಿದೆ. ಲಾಲ್‌ಬಾಗಿನ ಬಳಿಯ ರಸ್ತೆಯೊಂದು ಅವರ ಹೆಸರನ್ನು ಹೊತ್ತಿದೆ. ಉದ್ಯಾನದೊಳಗೆ ಅವರ ಹೆಸರಿನಲ್ಲಿದ್ದ ಹಳೆಯ ಸಭಾಂಗಣ ಮಾತ್ರ 2017ರಲ್ಲಿ ಕುಸಿದುಬಿದ್ದಿತು.

ಇಷ್ಟು ಹೇಳಿ ಕೈಮುಗಿದರೆ ಜೀವನಚಿತ್ರ ಮುಗಿಯಬಹುದು. ಆದರೆ ಅವರ ಕಾಲದ ತೋಟಗಾರಿಕೆಗೆ ಇನ್ನೊಂದು ಮುಖವಿದೆ. ಬೆಂಗಳೂರಿನ ಮಕ್ಕಳು ಮೊಗ್ಗನ್ನು ಒತ್ತಿ ಒಬ್ಬರ ಮುಖಕ್ಕೊಬ್ಬರು ನೀರು ಚಿಮ್ಮಿಸಿ ನಗುತ್ತಿದ್ದ ನೀರುಕಾಯಿ ಮರವನ್ನು ಬಲ್ಲವರು ಅನೇಕರು. ಪಶ್ಚಿಮ ಆಫ್ರಿಕದಿಂದ ಬಂದ ಈ ಸ್ಪತೋಡಿಯದ ಕೆಂಡದಂತಹ ಹೂಗೊಂಚಲಿಗೆ ಸಾಟಿಯಿಲ್ಲ. ಅದೇ ಮರ ಫಿಜಿ, ಹವಾಯಿ, ಸಮೋವಾ ದ್ವೀಪಗಳಲ್ಲಿ ಸ್ಥಳೀಯ ಕಾಡನ್ನೂ ಬೇಸಾಯದ ನೆಲವನ್ನೂ ನುಂಗಿದೆ. ಜಗತ್ತಿನ ಅತಿ ಉಪದ್ರವಕಾರಿಯಾದ 100 ಆಕ್ರಮಣಶೀಲ ಜೀವಿಗಳ ಪಟ್ಟಿಯನ್ನು 2000ದಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ ಪ್ರಕಟಿಸಿದಾಗ ಅದರಲ್ಲಿ ಸ್ಪತೋಡಿಯವೂ ಇತ್ತು. ಕಾಗದದಂತಹ ತೆಳು ರೆಕ್ಕೆಯುಳ್ಳ ಅದರ ಬೀಜ ಗಾಳಿಯಲ್ಲಿ ಬಹುದೂರ ತೇಲುತ್ತದೆ. ಕಡಿದರೆ ಬುಡದಿಂದಲೂ ಬೇರಿನಿಂದಲೂ ಮತ್ತೆ ಚಿಗುರುತ್ತದೆ. ಜಕರಂಡದ ಕಥೆಯೂ ಗಮನಾರ್ಹ. ಜಕರಂಡ ನಗರಿ ಎಂದೇ ಹೆಸರಾದ ಪ್ರಿಟೋರಿಯಾ ಇರುವ ದಕ್ಷಿಣ ಆಫ್ರಿಕದಲ್ಲಿ ಅದು ಆಕ್ರಮಣಶೀಲ ಸಸ್ಯಗಳ ಪಟ್ಟಿ ಸೇರಿತು. ನಗರದ ಹಳೆಯ ಸಾಲುಮರಗಳನ್ನು ಉಳಿಸಿಕೊಂಡು, ಹೊಸದಾಗಿ ನೆಡುವುದಕ್ಕೆ ಕಡಿವಾಣ ಹಾಕುವ ಮಧ್ಯಮ ಮಾರ್ಗವನ್ನು ಆ ದೇಶ ಅನುಸರಿಸಿತು.

ನಮ್ಮ ನಾಡಿನಲ್ಲಿಯೂ ಉದಾಹರಣೆಗೆ ಬರವಿಲ್ಲ. ಹಳದಿ ಹೂವಿನ ಅಲಂಕಾರಕ್ಕೂ ನೆರಳಿಗೂ ನೆಟ್ಟ ಸೆನ್ನಾ ಸ್ಪೆಕ್ಟಾಬಿಲಿಸ್ ಎಂಬ ಅಮೆರಿಕ ಮೂಲದ ಮರ ಇಂದು ಬಂಡೀಪುರ, ನಾಗರಹೊಳೆ, ವಯನಾಡು ಕಾಡುಗಳಲ್ಲಿ ದಟ್ಟವಾಗಿ ಹಬ್ಬಿದೆ. ಅದರ ಅಡಿಯಲ್ಲಿ ಹುಲ್ಲು ಬೆಳೆಯದು; ಹುಲ್ಲಿಲ್ಲದೆ ಜಿಂಕೆ, ಆನೆಗಳಿಗೆ ಮೇವಿಲ್ಲ. ದೂರದಿಂದ ನೋಡುವವರಿಗೆ ಅದು ಹೊನ್ನಿನ ಕಾಡು, ಒಳಗೆ ಹೊಕ್ಕವರಿಗೆ ಹಸಿವಿನ ಕಾಡು.

ದೆಹಲಿಯ ಕಥೆ ಬೇರೆ. ಹೊಸ ರಾಜಧಾನಿಯ ಬೀದಿಮರಗಳ ಹೊಣೆ ಹೊತ್ತ ವಿಲಿಯಂ ರಾಬರ್ಟ್‌ಸನ್ ಮಸ್ಟೋ ಮುಂತಾದವರು ಹೂವಿಗಿಂತ ನೆರಳಿಗೆ ಪ್ರಾಶಸ್ತ್ಯ ನೀಡಿದರು. ಲುಟಿಯನ್ಸ್ ದೆಹಲಿಯ ಹೆದ್ದಾರಿಗಳಲ್ಲಿ ಇಂದಿಗೂ ನಮಗೆ ತಂಪೆರೆಯುವ ಬೇವು, ನೇರಳೆ, ಅರ್ಜುನ, ಹುಣಸೆ ಮರಗಳು ಆ ಆಯ್ಕೆಯ ಫಲ. ಆದರೆ ಅದೇ ಕಾಲದಲ್ಲಿ ಬೋಳಾಗಿದ್ದ ದೆಹಲಿಯ ರಿಜ್ ಗುಡ್ಡಗಳನ್ನು ಬೇಗನೆ ಹಸಿರಾಗಿಸಲು ತಂದ ವಿಲಾಯತಿ ಕೀಕರ್ ಗುಡ್ಡವನ್ನೆಲ್ಲ ಆವರಿಸಿತು. ಇದು ನಮಗೆ ಅಪರಿಚಿತವಲ್ಲ. ಊರಿನಲ್ಲಿ ನಾವು ಬಳ್ಳಾರಿ ಜಾಲಿ ಎಂದು ಕರೆಯುವ ಮರವೇ ಇದು. ಗುರುಗ್ರಾಮದ ಅರಾವಳಿ ಜೀವವೈವಿಧ್ಯ ಉದ್ಯಾನದಲ್ಲಿ 2010ರಿಂದ ಈ ಜಾಲಿಯನ್ನು ತೆಗೆದು, ಅರಾವಳಿಯ ಸ್ಥಳೀಯ ಮರಗಳನ್ನು ನೆಟ್ಟು ಬೆಳೆಸಲಾಯಿತು. ಒಮ್ಮೆ ಗಣಿಗಾರಿಕೆಗೆ ತುತ್ತಾಗಿದ್ದ ಆ ನೆಲ ಇಂದು ಹಕ್ಕಿಗಳ ಬೀಡು. ಕೆಲವೇ ವರ್ಷಗಳಲ್ಲಿ ನೆಟ್ಟದ್ದನ್ನು ಕೀಳಲು ಒಂದು ತಲೆಮಾರು ಬೇಕಾಗುತ್ತದೆ ಎಂಬುದಕ್ಕೆ ರಿಜ್ ಕಣ್ಣೆದುರಿನ ಸಾಕ್ಷಿ.

ಹಾಗಾದರೆ ಕ್ರುಂಬಿಗಲ್ ತಪ್ಪು ಮಾಡಿದರೇ? ಹಾಗೆ ತೀರ್ಪು ನೀಡುವುದು ಅವಸರವಾದೀತು. ಅವರ ಮರಗಳು ನಿಂತದ್ದು ಕಾಡಿನಲ್ಲಲ್ಲ, ಕಾವಲಿದ್ದ ಬೀದಿಗಳಲ್ಲಿ. ಉದುರಿದ ಕಾಯಿಯನ್ನು ಗುಡಿಸುವವರಿದ್ದರು, ಎದ್ದ ಸಸಿಯನ್ನು ಕೀಳುವವರಿದ್ದರು, ಒಣಗಿದ ಕೊಂಬೆಯನ್ನು ಸವರುವವರಿದ್ದರು. ಪರದೇಶದ ಮರ ಅತಿಥಿಯಾಗಿ ಉಳಿಯುವುದೂ ಆಕ್ರಮಣಕಾರಿಯಾಗುವುದೂ ಬಹುಮಟ್ಟಿಗೆ ಈ ಕಾವಲನ್ನು ಅವಲಂಬಿಸಿದೆ. ಕಾವಲು ಸಡಿಲವಾದ ನೆಲದಲ್ಲಿ, ಕಾಡಿನ ಅಂಚಿನಲ್ಲಿ, ನದಿಯ ದಂಡೆಯಲ್ಲಿ ಅದೇ ಮರ ಬೇರೆಯೇ ರೂಪ ತಾಳುತ್ತದೆ. ಆದ್ದರಿಂದ ನಾವು ಕ್ರುಂಬಿಗಲ್ ಅವರಿಂದ ಪಡೆಯಬೇಕಾದುದು ಅವರ ಮರಗಳ ಪಟ್ಟಿಯನ್ನಲ್ಲ, ಅವರ ವಿಧಾನವನ್ನು.

ಊರಿನ ನೆನಪಿಗಾಗಿ ನೋಯ್ಡಾ, ದ್ವಾರಕಾ, ಗುರುಗ್ರಾಮಗಳ ಅಂಗಳದಲ್ಲಿ ಹೂಮರ ಬೆಳೆಸಬಯಸುವ ಕನ್ನಡಿಗರು ಈ ವಿಧಾನವನ್ನು ಹೀಗೆ ಅನುಸರಿಸಬಹುದು. ಮೊದಲು ಹವೆಯನ್ನು ನೋಡಬೇಕು. ಬೆಂಗಳೂರಿನ ಜನವರಿಯಲ್ಲ ದೆಹಲಿಯ ಜನವರಿ. ಜಕರಂಡದ ಎಳೆಯ ಸಸಿಗೆ ಮೊದಲ ಎರಡು ಚಳಿಗಾಲ ಹೊದಿಕೆಯ ಆಸರೆ ಬೇಕು, ಬುಡದಲ್ಲಿ ನೀರು ನಿಲ್ಲಬಾರದು. ಗುಲ್‌ಮೊಹರಿನ ಬೀಜದ ಸಿಪ್ಪೆ ಗಟ್ಟಿ; ಬಿಸಿನೀರಿನಲ್ಲಿ ಹಾಕಿ ಒಂದು ರಾತ್ರಿ ನೆನೆಸಿದರೆ ಬೇಗ ಮೊಳೆಯುತ್ತದೆ. ಅದರ ಬೇರು ಮೇಲ್ಮಟ್ಟದಲ್ಲಿ ಹರಡಿ ಕಾಲುದಾರಿಯನ್ನು ಎಬ್ಬಿಸುತ್ತದೆ, ಕೊಂಬೆ ಬಿರುಗಾಳಿಗೆ ಮುರಿಯುತ್ತದೆ. ಗೋಡೆಯಿಂದಲೂ ವಾಹನ ನಿಲ್ಲುವ ಜಾಗದಿಂದಲೂ ದೂರ ನೆಡಬೇಕು. ನೀರುಕಾಯಿ ಮರವನ್ನು ಹೊಸದಾಗಿ ನೆಡದಿರುವುದೇ ಲೇಸು. ಈಗಾಗಲೇ ಇದ್ದರೆ ಕಾಯಿ ಒಡೆಯುವ ಮುನ್ನ ಕೊಯ್ದು, ಬೇರಿನ ಚಿಗುರನ್ನು ಆಗಾಗ ತೆಗೆಯುತ್ತಿರಬೇಕು. ಇನ್ನೊಂದು ಮಾತು: 1994ರ ದೆಹಲಿ ಮರ ಸಂರಕ್ಷಣಾ ಕಾಯಿದೆಯಂತೆ ಬೆಳೆದ ಮರವನ್ನು ಅನುಮತಿಯಿಲ್ಲದೆ ಕಡಿಯುವಂತಿಲ್ಲ. ಹೀಗಾಗಿ ಯೋಚನೆಯೆಲ್ಲ ನೆಡುವ ಮೊದಲೇ ಆಗಬೇಕು.

ಬೇರೆ ದೇಶದ ಮರವಿಲ್ಲದೆಯೂ ದೆಹಲಿಗೆ ಹೂವಿನ ಪಂಚಾಂಗ ಸಿದ್ಧವಾಗಬಲ್ಲದು. ಫೆಬ್ರವರಿಯ ಕೊನೆಗೆ ಇಲ್ಲಿ ಕಚನಾರ್ ಎನ್ನುವ ಮಂದಾರ, ಮಾರ್ಚಿಯಲ್ಲಿ ಸೇಮಲ್ ಎನ್ನುವ ಬೂರುಗ ಮತ್ತು ಢಾಕ್ ಎನ್ನುವ ಮುತ್ತುಗ, ಮೇ ತಿಂಗಳ ಉರಿಯಲ್ಲಿ ಅಮಲ್ತಾಸ್ ಎನ್ನುವ ನಮ್ಮ ಕಕ್ಕೆ. ಹೆಸರು ಹಿಂದಿಯಾದರೂ ಇವೆಲ್ಲ ನಮ್ಮ ಊರಿನ ಹೊಲದ ಬದುಗಳಲ್ಲಿ, ಗುಡ್ಡಗಳಲ್ಲಿ ಕಂಡ ಮರಗಳೇ. ವಸತಿ ಸಂಕೀರ್ಣವೊಂದರ ನಾಲ್ಕಾರು ಮನೆಯವರು ಒಟ್ಟುಗೂಡಿ, ಒಬ್ಬೊಬ್ಬರು ಒಂದೊಂದು ತಿಂಗಳ ಮರವನ್ನು ವಹಿಸಿಕೊಂಡು, ಜುಲೈ ಮಳೆಗೆ ನೆಟ್ಟು, ಮೊದಲ ಮೂರು ಬೇಸಿಗೆ ನೀರೆರೆದರೆ ಸಾಕು.

ಪರದೇಶದಿಂದ ಬಂದು, ಎರಡು ಬಾರಿ ಪರಕೀಯನೆಂಬ ಹಣೆಪಟ್ಟಿ ಹೊತ್ತು, ಕೊನೆಗೂ ಇಲ್ಲಿಯವರೇ ಆಗಿ ಉಳಿದ ಕ್ರುಂಬಿಗಲ್ ಅವರ ಬದುಕು ಹೊರನಾಡಿನಲ್ಲಿ ನೆಲೆಸಿದ ನಮಗೆ ವಿಶೇಷವಾಗಿ ಹತ್ತಿರವಾದುದು. ಬಂದ ನೆಲವನ್ನು ಅರಿತು, ಅದಕ್ಕೆ ಒಪ್ಪುವುದನ್ನು ಆರಿಸಿ, ನೆಟ್ಟದ್ದನ್ನು ಕೈಬಿಡದೆ ಕಾಯ್ದವರು ಅವರು. ನಾವಿರುವ ಊರಿನಲ್ಲಿ ಅದೇ ಎಚ್ಚರದಿಂದ ಒಂದು ಮರವನ್ನು ಬೆಳೆಸಿದರೆ ಅವರಿಗೆ ಸಲ್ಲಿಸುವ ನಿಜವಾದ ಗೌರವ ಅದೇ ಆದೀತು.