ಡೆಕಾರ್ಟ್ ಮತ್ತು ಆತನ ಹೆಸರಿನ ಗುಣಲಬ್ಧ

ಮಹನೀಯರ ಹೆಸರು ಉಳಿಯುವ ಬಗೆಗಳು ಹಲವು. ಕೆಲವರ ಹೆಸರು ಊರಿಗೆ ಅಂಟಿಕೊಳ್ಳುತ್ತದೆ, ಕೆಲವರದು ಅಳತೆಯ ಮಾನಕ್ಕೆ. ಫ್ರಾನ್ಸ್ ದೇಶದ ತತ್ತ್ವಜ್ಞ ರೆನೆ ಡೆಕಾರ್ಟನ ಹೆಸರು ಗಣಿತದ ಒಂದು ವಿಶೇಷಣವಾಗಿ ಉಳಿದಿದೆ. ಲ್ಯಾಟಿನ್ ಭಾಷೆಯಲ್ಲಿ ಆತನ ಹೆಸರು ಕಾರ್ಟೀಸಿಯಸ್; ಅದರಿಂದ ಬಂದದ್ದು ಕಾರ್ಟೀಸಿಯನ್. ಪಿ.ಯು.ಸಿ. ತರಗತಿಯಲ್ಲಿ ಗಣಿತವನ್ನು ಓದಿದವರೆಲ್ಲ ಕಾರ್ಟೀಸಿಯನ್ ಗುಣಲಬ್ಧವನ್ನು ಬಲ್ಲರು. ಇಂದು ಅದನ್ನು ಮಾಡಿಕೊಡುವ ಫಂಕ್ಷನ್ನು ಹಲವು ಕಂಪ್ಯೂಟರ್ ಭಾಷೆಗಳೊಡನೆ ಸಿದ್ಧವಾಗಿಯೇ ಬರುತ್ತದೆ. ಆ ಮನುಷ್ಯನಿಗೂ ಈ ಫಂಕ್ಷನ್ನಿಗೂ ನಿಜವಾದ ಸಂಬಂಧವೇನು? ಗಣಿತದ ವಿದ್ಯಾರ್ಥಿಯಾದ ನಾನು ಇದನ್ನು ಆತನ ಜೀವನದ ಮೂಲಕ ವಿಚಾರಿಸಲು ಇಲ್ಲಿ ಯತ್ನಿಸಿದ್ದೇನೆ.

ಡೆಕಾರ್ಟನು ೧೫೯೬ನೆಯ ಇಸವಿ ಮಾರ್ಚ್ ೩೧ರಂದು ತೂರೇನ್ ಪ್ರಾಂತದ ಲಾ ಹೇ ಎಂಬ ಸಣ್ಣ ಊರಿನಲ್ಲಿ ಜನಿಸಿದನು. ಮರುವರ್ಷವೇ ತಾಯಿ ತೀರಿಕೊಂಡಳು. ಮಗು ದುರ್ಬಲವಾಗಿತ್ತು. ಲಾ ಫ್ಲೆಷ್ ಎಂಬಲ್ಲಿ ಜೆಸುಯಿಟ್ ಪಾದ್ರಿಗಳು ನಡೆಸುತ್ತಿದ್ದ ಶಾಲೆಗೆ ಸೇರಿದಾಗ, ಆರೋಗ್ಯದ ದೃಷ್ಟಿಯಿಂದ ಬೆಳಗ್ಗೆ ತಡವಾಗಿ ಏಳಲು ಅವನಿಗೆ ಅನುಮತಿ ದೊರೆಯಿತು. ಹಾಸಿಗೆಯಲ್ಲಿಯೇ ಮಲಗಿ ಯೋಚಿಸುವ ಈ ಅಭ್ಯಾಸ ಬಾಳಿನ ಕೊನೆಯವರೆಗೂ ಉಳಿಯಿತು. ಶಾಲೆಯಲ್ಲಿ ಕಲಿತ ವಿದ್ಯೆಗಳಲ್ಲೆಲ್ಲ ಗಣಿತವೊಂದೇ ಸಂಶಯಕ್ಕೆ ಎಡೆಗೊಡದ ವಿದ್ಯೆಯೆಂದು ಅವನಿಗೆ ತೋರಿತು. ಇಷ್ಟು ಗಟ್ಟಿಯಾದ ತಳಹದಿಯ ಮೇಲೆ ಜನರು ಇನ್ನೂ ಎತ್ತರವಾದ ಕಟ್ಟಡವನ್ನೇಕೆ ಕಟ್ಟಲಿಲ್ಲವೆಂದು ಅವನು ಆಶ್ಚರ್ಯಪಟ್ಟನು.

೧೬೧೬ರಲ್ಲಿ ಪ್ವಾತ್ಯೇ ನಗರದಲ್ಲಿ ನ್ಯಾಯಶಾಸ್ತ್ರದ ಪದವಿಯನ್ನು ಪಡೆದರೂ ವಕೀಲಿಯನ್ನು ಹಿಡಿಯಲಿಲ್ಲ. ಲೋಕವೆಂಬ ಗ್ರಂಥವನ್ನು ಓದಬೇಕೆಂದು ಹೊರಟು, ೧೬೧೮ರಲ್ಲಿ ಹಾಲೆಂಡಿನ ಸೈನ್ಯವನ್ನು ಸೇರಿದನು. ಬ್ರೇಡ ಪಟ್ಟಣದಲ್ಲಿ ಐಸಾಕ್ ಬೇಕ್ಮನ್ ಎಂಬ ವಿದ್ವಾಂಸನ ಪರಿಚಯವಾಗಿ, ಭೌತಶಾಸ್ತ್ರದ ಪ್ರಶ್ನೆಗಳಿಗೆ ಗಣಿತವನ್ನು ಅನ್ವಯಿಸುವ ಹುರುಪು ಅವನಲ್ಲಿ ಹುಟ್ಟಿತು. ಮರುವರ್ಷ ನವೆಂಬರ್ ೧೦ರ ರಾತ್ರಿ, ಜರ್ಮನಿಯಲ್ಲಿ, ಒಲೆಯಿಂದ ಬೆಚ್ಚಗಾಗಿದ್ದ ಒಂದು ಕೋಣೆಯಲ್ಲಿ ಅವನಿಗೆ ಮೂರು ಕನಸುಗಳು ಬಿದ್ದುವು. ಎಲ್ಲ ವಿದ್ಯೆಗಳನ್ನೂ ಒಂದೇ ವಿಧಾನದಿಂದ ಕಟ್ಟುವುದು ತನ್ನ ಪಾಲಿನ ಕೆಲಸವೆಂದು ಅವನು ಅಂದು ನಿಶ್ಚಯಿಸಿದನು.

೧೬೨೮ರಲ್ಲಿ ಅವನು ಹಾಲೆಂಡಿನಲ್ಲಿ ನೆಲೆಸಿದನು. ಏಕಾಂತವನ್ನು ಬಯಸಿ ಮೇಲಿಂದ ಮೇಲೆ ಮನೆ ಬದಲಿಸುತ್ತ ಸುಮಾರು ಇಪ್ಪತ್ತು ವರ್ಷಗಳನ್ನು ಅಲ್ಲಿ ಕಳೆದನು. ವಿಶ್ವದ ರಚನೆಯನ್ನು ಕುರಿತು ದೊಡ್ಡ ಗ್ರಂಥವೊಂದನ್ನು ಬರೆಯುತ್ತಿದ್ದಾಗ, ೧೬೩೩ರಲ್ಲಿ ಗೆಲಿಲಿಯೋವಿಗೆ ರೋಮಿನಲ್ಲಿ ಶಿಕ್ಷೆಯಾದ ಸುದ್ದಿ ಬಂದಿತು. ತನ್ನ ಗ್ರಂಥದಲ್ಲಿಯೂ ಭೂಮಿ ಚಲಿಸುತ್ತದೆಂಬ ಮಾತಿದ್ದುದರಿಂದ ಅದನ್ನು ಪ್ರಕಟಿಸದೆ ಮುಚ್ಚಿಟ್ಟನು. ೧೬೩೭ರಲ್ಲಿ ಲೈಡನ್ ನಗರದಲ್ಲಿ ಆತನ ಮೊದಲ ಪುಸ್ತಕ ಹೊರಬಿದ್ದಾಗ ಅದರ ಮೇಲೆ ಕರ್ತೃವಿನ ಹೆಸರಿರಲಿಲ್ಲ. ಪಂಡಿತರ ಲ್ಯಾಟಿನ್ನನ್ನು ಬಿಟ್ಟು ತನ್ನ ನಾಡಿನ ನುಡಿಯಾದ ಫ್ರೆಂಚಿನಲ್ಲಿ ಅದನ್ನು ಬರೆದಿದ್ದನು. ವಿಧಾನವನ್ನು ಕುರಿತ ಆ ಪ್ರಬಂಧದಲ್ಲಿ ನಾಲ್ಕು ನಿಯಮಗಳಿವೆ. ಸ್ಪಷ್ಟವಾಗಿ ತಿಳಿಯದುದನ್ನು ನಿಜವೆಂದು ಒಪ್ಪಬಾರದು. ಕಠಿಣವಾದುದನ್ನು ಬಿಡಿಬಿಡಿಯಾಗಿ ವಿಂಗಡಿಸಬೇಕು. ಸರಳವಾದುದರಿಂದ ಜಟಿಲವಾದುದಕ್ಕೆ ಕ್ರಮವಾಗಿ ಏರಬೇಕು. ಕೊನೆಯದಾಗಿ, ಯಾವುದೊಂದೂ ಬಿಟ್ಟುಹೋಗದಂತೆ ಎಲ್ಲವನ್ನೂ ಎಣಿಸಿ ನೋಡಬೇಕು. ಈ ನಾಲ್ಕನೆಯ ನಿಯಮವನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು.

ಪ್ರಬಂಧಕ್ಕೆ ಅನುಬಂಧವಾಗಿದ್ದ ಮೂರು ಲೇಖನಗಳಲ್ಲಿ ಒಂದು ರೇಖಾಗಣಿತವನ್ನು ಕುರಿತದ್ದು. ಗ್ರೀಕ್ ಗಣಿತಜ್ಞ ಪಾಪಸನ ಹಳೆಯ ಸಮಸ್ಯೆಯೊಂದನ್ನು ಕೈಗೆತ್ತಿಕೊಂಡು, ವಕ್ರರೇಖೆಯ ಮೇಲಿನ ಬಿಂದುವನ್ನು ಎರಡು ಉದ್ದಗಳಿಂದ ಗುರುತಿಸಿ, ಅವುಗಳ ಸಂಬಂಧವನ್ನು ಬೀಜಗಣಿತದ ಸಮೀಕರಣವಾಗಿ ಬರೆಯುವ ದಾರಿಯನ್ನು ಡೆಕಾರ್ಟನು ಅಲ್ಲಿ ತೋರಿಸಿದನು. ನಾವಿಂದು ಎಳೆಯುವ ಲಂಬವಾದ ಎರಡು ಅಕ್ಷಗಳೂ ಋಣ ನಿರ್ದೇಶಾಂಕಗಳೂ ಅಲ್ಲಿಲ್ಲ. ಅವು ಮುಂದಿನವರ ಕೆಲಸ. ಗಣಗಳ ಗುಣಲಬ್ಧವಂತೂ ಅವನ ಕಾಲಕ್ಕೆ ಇರಲೇ ಇಲ್ಲ; ಗಣಸಿದ್ಧಾಂತ ಹುಟ್ಟಿದ್ದು ೧೯ನೆಯ ಶತಮಾನದಲ್ಲಿ. ಒಂದು ಬಿಂದುವೆಂದರೆ ಎರಡು ಸಂಖ್ಯೆಗಳ ಜೋಡಿ ಎಂಬ ಭಾವನೆಯ ಮೂಲ ಅವನಲ್ಲಿ ಇದ್ದುದರಿಂದ, ಜೋಡಿಗಳ ಗಣಕ್ಕೆ ಮುಂದಿನವರು ಅವನ ಹೆಸರನ್ನಿಟ್ಟರು.

ಈ ಗುಣಲಬ್ಧವನ್ನು ವಿವರಿಸುವುದು ಸುಲಭ. ಹಾಸ್ಟೆಲಿನಲ್ಲಿ ಇಡ್ಲಿ, ದೋಸೆ, ಉಪ್ಪಿಟ್ಟು ಎಂಬ ಮೂರು ತಿಂಡಿಗಳೂ ಕಾಫಿ, ಟೀ ಎಂಬ ಎರಡು ಪಾನೀಯಗಳೂ ಇದ್ದರೆ, ಒಂದು ತಿಂಡಿ ಒಂದು ಪಾನೀಯದಂತೆ ಆರು ಜೋಡಿಗಳಾಗುತ್ತವೆ. ಪ್ರೋಗ್ರಾಮು ಬರೆಯುವವನು ಒಂದು ಲೂಪಿನೊಳಗೆ ಇನ್ನೊಂದು ಲೂಪನ್ನು ಇಟ್ಟು ಇವನ್ನು ಪಡೆಯಬಹುದು. ಆದರೆ ಗಣಗಳು ಎರಡೋ, ಐದೋ, ಹತ್ತೋ ಎಂಬುದು ಮೊದಲೇ ತಿಳಿಯದಿದ್ದರೆ ಎಷ್ಟು ಲೂಪುಗಳನ್ನು ಬರೆಯುವುದು? ಆದುದರಿಂದಲೇ ಇದನ್ನು ಭಾಷೆಯ ಸ್ಟ್ಯಾಂಡರ್ಡ್ ಲೈಬ್ರರಿಯಲ್ಲಿ ಒಂದು ಫಂಕ್ಷನ್ನಾಗಿ ಇಡುತ್ತಾರೆ. ಪೈಥಾನ್ ಭಾಷೆಗೆ ಇದು ೨೦೦೮ರಲ್ಲಿ, ೨.೬ನೆಯ ಆವೃತ್ತಿಯೊಡನೆ ಬಂದಿತು.

ಇಂಥ ಫಂಕ್ಷನ್ನನ್ನು ರೂಪಿಸುವವನು ಡೆಕಾರ್ಟನ ನಿಯಮಗಳನ್ನೇ ಪಾಲಿಸಬೇಕಾಗುತ್ತದೆಂದು ನನಗೆ ತೋರುತ್ತದೆ. ಮೊದಲನೆಯದು ಕ್ರಮ. ಪೈಥಾನಿನಲ್ಲಿ ಕೊನೆಯ ಗಣ ಎಲ್ಲಕ್ಕಿಂತ ಬೇಗ ತಿರುಗುತ್ತದೆ. ವಾಹನದ ಮೀಟರಿನಲ್ಲಿ ಬಲತುದಿಯ ಅಂಕಿ ತಿರುಗುವ ಹಾಗೆ. ಇಡ್ಲಿ ಕಾಫಿ, ಇಡ್ಲಿ ಟೀ, ಅನಂತರ ದೋಸೆ ಕಾಫಿ. ಗಣಗಳನ್ನು ಅನುಕ್ರಮವಾಗಿ ಕೊಟ್ಟರೆ ಜೋಡಿಗಳೂ ನಿಘಂಟಿನ ಪದಗಳಂತೆ ಅನುಕ್ರಮವಾಗಿ ಬರುತ್ತವೆ.

ಎರಡನೆಯದು ಗಾತ್ರ. ಹತ್ತು ಅಂಶಗಳ ಹತ್ತು ಗಣಗಳಿಂದ ಒಂದು ಸಾವಿರ ಕೋಟಿ ಸಂಯೋಜನೆಗಳಾಗುತ್ತವೆ. ಅಷ್ಟನ್ನೂ ಒಮ್ಮೆಗೇ ಕೂಡಿಡುವುದು ದುಸ್ಸಾಧ್ಯ; ಕೇಳಿದಾಗ ಒಂದೊಂದಾಗಿ ಕೊಡುವುದೇ ಸರಿ. ಹಾಗೆ ಕೊಡುವಾಗಲೂ ಮೂಲ ಗಣಗಳನ್ನು ಮಾತ್ರ ಪೂರ್ಣವಾಗಿ ಇಟ್ಟುಕೊಳ್ಳಬೇಕು. ಇಡ್ಲಿಯೊಡನೆ ಒಮ್ಮೆ ಓದಿ ಮುಗಿಸಿದ ಪಾನೀಯಗಳ ಪಟ್ಟಿ ದೋಸೆಗೂ ಬೇಕಲ್ಲವೆ? ಇದರಿಂದಾಗಿ ಪೈಥಾನಿನ ಫಂಕ್ಷನ್ನಿಗೆ ಅನಂತವಾದ ಗಣವನ್ನು ಕೊಡುವಂತಿಲ್ಲ. ಅನಂತ ಗಣದಲ್ಲಿ ಮೀಟರಿನ ಕ್ರಮವೂ ಸಾಲದು: ಪಾನೀಯಗಳಿಗೆ ಕೊನೆಯೇ ಇಲ್ಲದಿದ್ದರೆ ದೋಸೆಯ ಸರದಿ ಎಂದಿಗೂ ಬರುವುದಿಲ್ಲ. ಅಲ್ಲಿ ಜರ್ಮನಿಯ ಗಣಿತಜ್ಞ ಕ್ಯಾಂಟರನು ತೋರಿದಂತೆ ಓರೆಯಾಗಿ ನಡೆದರೆ ಮಾತ್ರ ಪ್ರತಿಯೊಂದು ಜೋಡಿಗೂ ಸರದಿ ಬರುತ್ತದೆ.

ಮೂರನೆಯದು ಶೂನ್ಯ. ಪಾನೀಯಗಳು ಮುಗಿದುಹೋಗಿದ್ದರೆ, ತಿಂಡಿಗಳು ಮೂರಿದ್ದರೂ ಜೋಡಿ ಒಂದೂ ಇಲ್ಲ. ಇದು ಸರಿಯಷ್ಟೆ. ಆದರೆ ಗಣಗಳನ್ನೇ ಕೊಡದಿದ್ದರೆ ಉತ್ತರವೇನು? ಸೊನ್ನೆಯೆಂದು ನಮ್ಮ ಮನಸ್ಸು ಹೇಳುತ್ತದೆ. ಗಣಿತ ಒಂದೆನ್ನುತ್ತದೆ: ಏನನ್ನೂ ಆರಿಸದಿರುವ ಬಗೆ ಒಂದೇ ಒಂದು. ಗುಣಾಕಾರವನ್ನು ಸೊನ್ನೆಯಿಂದ ಆರಂಭಿಸಿದರೆ ಮುಂದೆ ಎಷ್ಟು ಗಣಗಳನ್ನು ಸೇರಿಸಿದರೂ ಫಲ ಸೊನ್ನೆಯೇ. ಒಂದರಿಂದ ಆರಂಭಿಸಿದರೆ ಮಾತ್ರ ಲೆಕ್ಕ ನಿಲ್ಲುತ್ತದೆ. ಪೈಥಾನ್ ಈ ಉತ್ತರವನ್ನೇ ಕೊಡುತ್ತದೆ. ಸಿ ಪ್ಲಸ್ ಪ್ಲಸ್ ಭಾಷೆಯ ೨೦೨೩ರ ಆವೃತ್ತಿಯೂ ಇದನ್ನೇ ಅಂಗೀಕರಿಸಿದೆ. ಮನಸ್ಸಿಗೆ ತೋರಿದ್ದನ್ನು ಪರೀಕ್ಷಿಸದೆ ಒಪ್ಪಬಾರದೆಂಬ ಮೊದಲ ನಿಯಮಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿಯದು.

ಏನನ್ನೂ ಬಿಡದೆ ಎಣಿಸಬೇಕೆಂದ ಈ ಮನುಷ್ಯನ ಬಾಳು ಮಾತ್ರ ಎಣಿಕೆಯಂತೆ ನಡೆಯಲಿಲ್ಲ. ೧೬೪೦ರಲ್ಲಿ ಐದು ವರ್ಷದ ಮಗಳು ಫ್ರಾನ್ಸೀನ್ ಜ್ವರದಿಂದ ತೀರಿಕೊಂಡಳು. ೧೬೪೯ರಲ್ಲಿ ಸ್ವೀಡನ್ನಿನ ರಾಣಿ ಕ್ರಿಸ್ಟೀನಳ ಆಹ್ವಾನವನ್ನು ಮನ್ನಿಸಿ ಅವನು ಸ್ಟಾಕ್‌ಹೋಮಿಗೆ ಹೋದನು. ತಡವಾಗಿ ಏಳುತ್ತಿದ್ದವನು ಕೊರೆಯುವ ಚಳಿಯಲ್ಲಿ ಬೆಳಗಿನ ಐದು ಗಂಟೆಗೆ ಪಾಠ ಹೇಳಬೇಕಾಯಿತು. ಶ್ವಾಸಕೋಶದ ಉರಿಯೂತ ತಗಲಿ ೧೬೫೦ನೆಯ ಇಸವಿ ಫೆಬ್ರವರಿ ೧೧ರಂದು, ೫೩ನೆಯ ವಯಸ್ಸಿನಲ್ಲಿ ಮರಣ ಹೊಂದಿದನು. ಮುಚ್ಚಿಟ್ಟಿದ್ದ ಗ್ರಂಥ ಬೆಳಕು ಕಂಡದ್ದು ೧೬೬೪ರಲ್ಲಿ. ಹುಟ್ಟೂರಾದ ಲಾ ಹೇಗೆ ೧೯೬೭ರಿಂದ ಡೆಕಾರ್ಟ್ ಎಂದೇ ಹೆಸರು.

ಕಾರ್ಟೀಸಿಯನ್ ಗುಣಲಬ್ಧವನ್ನು ಡೆಕಾರ್ಟನು ಕಂಡುಹಿಡಿದನೆಂದರೆ ತಪ್ಪಾಗುತ್ತದೆ. ಆ ಹೆಸರು ಅವನಿಗೆ ಸಲ್ಲದೆಂದರೂ ತಪ್ಪೇ. ಕ್ರಮವಾಗಿ ನಡೆ, ಒಂದನ್ನೂ ಬಿಡಬೇಡ, ಬರಿದಾದ ಎಡೆಯನ್ನೂ ಪರೀಕ್ಷಿಸು ಎಂಬ ಶಿಸ್ತು ಅವನ ವಿಧಾನದಿಂದ ಸಹಜವಾಗಿ ಬರುತ್ತದೆ. ಆ ಶಿಸ್ತಿಲ್ಲದೆ ಈ ಫಂಕ್ಷನ್ನನ್ನು ಯಾರೂ ಸರಿಯಾಗಿ ಬರೆಯಲಾರರು. ನಮ್ಮ ಸಹಪಾಠಿಗಳು ಕಂಪ್ಯೂಟರಿನ ಮುಂದೆ ಕುಳಿತು ಒಂದೇ ಸಾಲಿನಲ್ಲಿ ಸಾವಿರ ಜೋಡಿಗಳನ್ನು ಪಡೆಯುವಾಗ, ಅವನ ನಾಲ್ಕನೆಯ ನಿಯಮವನ್ನು ಒಮ್ಮೆ ನೆನೆದರೆ ಆ ಹೆಸರು ಸಾರ್ಥಕವಾದೀತು.