ಆಲ್ಡೊ ಲಿಯೋಪೋಲ್ಡನ ರಜಾದಿನಗಳು

ಕಾಡುಪ್ರಾಣಿಗಳನ್ನು ಉಳಿಸಬೇಕೆಂದು ಬರೆದವರಲ್ಲಿ ಅಮೆರಿಕದ ಆಲ್ಡೊ ಲಿಯೋಪೋಲ್ಡನ ಹೆಸರು ದೊಡ್ಡದು. ಆತನ ಪುಸ್ತಕವನ್ನು ಹೊಗಳುವವರು ಬಹಳ. ಆತನು ಹೆಂಡತಿಮಕ್ಕಳೊಡನೆ ರಜೆಗಳನ್ನು ಹೇಗೆ ಕಳೆದನೆಂಬುದನ್ನು ಬಲ್ಲವರು ವಿರಳ. ನನಗಾದರೋ ಪುಸ್ತಕಕ್ಕಿಂತ ಆ ರಜೆಗಳೇ ಹಿರಿದಾಗಿ ಕಾಣುತ್ತವೆ.

1887ರ ಜನವರಿ 11ರಂದು ಅಯೋವಾ ಸಂಸ್ಥಾನದ ಬರ್ಲಿಂಗ್ಟನ್ ಪಟ್ಟಣದಲ್ಲಿ ಜನಿಸಿದ ಲಿಯೋಪೋಲ್ಡನು ಯೇಲ್ ವಿಶ್ವವಿದ್ಯಾನಿಲಯದಲ್ಲಿ ಅರಣ್ಯಶಾಸ್ತ್ರವನ್ನು ವ್ಯಾಸಂಗಮಾಡಿ, 1909ರಲ್ಲಿ ಸರ್ಕಾರದ ಅರಣ್ಯ ಇಲಾಖೆಯನ್ನು ಸೇರಿದನು. ತೋಳಗಳು ಕಡಿಮೆಯಾದಷ್ಟೂ ಜಿಂಕೆಗಳು ಹೆಚ್ಚುವುವೆಂದು ಆಗ ಎಲ್ಲರಂತೆ ಆತನೂ ನಂಬಿದ್ದನು; ತೋಳಗಳಿಗೆ ಗುಂಡನ್ನೂ ಹಾರಿಸಿದನು. ತೋಳವಿಲ್ಲದ ಬೆಟ್ಟದಲ್ಲಿ ಜಿಂಕೆಗಳು ಮಿತಿಮೀರಿ, ಚಿಗುರೆಲ್ಲವನ್ನೂ ಮೇದು, ಕೊನೆಗೆ ತಾವೇ ಹಸಿದು ಸಾಯುವುವೆಂಬ ಅರಿವು ಆತನಿಗೆ ಬಂದುದು ಬಹು ತಡವಾಗಿ. 1933ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕನಾದನು.

ಎರಡು ವರ್ಷಗಳ ತರುವಾಯ, 1935ರಲ್ಲಿ, ವಿಸ್ಕಾನ್ಸಿನ್ ನದಿಯ ದಡದಲ್ಲಿ 80 ಎಕರೆ ಜಮೀನನ್ನು ಕೊಂಡನು. ಬೆಳೆ ತೆಗೆದು ತೆಗೆದು ಸಾರವಡಗಿದ ಮರಳುನೆಲವದು. ಅಲ್ಲಿದ್ದ ಮನೆ ಸುಟ್ಟುಹೋಗಿತ್ತು. ಉಳಿದಿದ್ದುದು ಒಂದು ಕೋಳಿಗೂಡು ಮಾತ್ರ. ಪ್ರಾಧ್ಯಾಪಕನೂ ಆತನ ಪತ್ನಿ ಎಸ್ಟೆಲ್ಲಾಳೂ ಐವರು ಮಕ್ಕಳೂ ಅದರೊಳಗಿನ ಗೊಬ್ಬರವನ್ನು ಹೊರಹಾಕಿ, ಅದನ್ನೇ ಗುಡಿಸಲಾಗಿ ಮಾಡಿಕೊಂಡರು. ಕಿರಿಯ ಮಗಳಿಗಾಗ ಎಂಟು ವರ್ಷ. ಅಂದಿನಿಂದ ವಾರದ ಬಿಡುವೂ ವಸಂತದ ರಜೆಯೂ ಅಲ್ಲಿಯೇ.

ಮರುವರ್ಷದ ವಸಂತದಲ್ಲಿ ಪೈನ್ ಸಸಿಗಳನ್ನು ನೆಟ್ಟರು. ಆ ಬೇಸಗೆಯಲ್ಲಿ ಭೀಕರ ಬರ ಬಂದು ಹೆಚ್ಚಿನವೆಲ್ಲ ಒಣಗಿಹೋದುವು. ಬೇರೆಯವರಾಗಿದ್ದರೆ ಜಮೀನನ್ನು ಮಾರಿ ಕೈತೊಳೆದುಕೊಳ್ಳುತ್ತಿದ್ದರು. ಇವರು ಮುಂದಿನ ವಸಂತದಲ್ಲಿ ಗುದ್ದಲಿ ಹಿಡಿದು ಮತ್ತೆ ಬಂದರು. ವರ್ಷ ವರ್ಷವೂ ಬಂದು ಸಾವಿರಾರು ಸಸಿಗಳನ್ನು ನೆಟ್ಟರು. ರಜೆ ಬಂತೆಂದರೆ ಹೊಲಕ್ಕಿಳಿಯುವುದು ಒಕ್ಕಲುಮಕ್ಕಳಾದ ನಮ್ಮಲ್ಲಿ ಅನೇಕರಿಗೆ ಹೊಸದಲ್ಲ. ಆದರೆ ಒಂದು ಕಾಳನ್ನೂ ಬಯಸದೆ, ಹಕ್ಕಿಗೂ ಜಿಂಕೆಗೂ ನೆರಳಾಗಲೆಂದು ದುಡಿಯುವುದು ನಮಗೂ ಹೊಸದೇ! ಚಳಿಗಾಲದಲ್ಲಿ ಸಣ್ಣ ಹಕ್ಕಿಗಳನ್ನು ಹಿಡಿದು, ಕಾಲಿಗೆ ಅಂಕೆಯುಳ್ಳ ಬಳೆಯನ್ನು ತೊಡಿಸಿ ಬಿಡುತ್ತಿದ್ದರು. ಮರುವರ್ಷ ಬದುಕಿ ಬಂದವೆಷ್ಟೆಂದು ಅದರಿಂದ ತಿಳಿಯುತ್ತಿತ್ತು. ಯಾವ ಹೂವು ಎಂದು ಅರಳಿತು, ಬಾತುಗಳು ಎಂದು ಬಂದುವು ಎಂಬುದನ್ನೆಲ್ಲ ತಪ್ಪದೆ ಬರೆದಿಟ್ಟರು.

1948ರ ಏಪ್ರಿಲ್ 14ರಂದು ಆತನ ಪ್ರಬಂಧಗಳನ್ನು ಪ್ರಕಟಿಸಲು ಪ್ರಕಾಶಕರು ಒಪ್ಪಿದರು. ಸರಿಯಾಗಿ ಒಂದು ವಾರದ ಮೇಲೆ, ವಸಂತದ ನೆಡುವಿಕೆಗೆಂದು ಪತ್ನಿ ಮತ್ತು ಕಿರಿಯ ಮಗಳೊಡನೆ ಗುಡಿಸಲಿನಲ್ಲಿದ್ದಾಗ, ನೆರೆಯವನ ಜಮೀನಿನಲ್ಲಿ ಹುಲ್ಲಿಗೆ ಬೆಂಕಿ ಹತ್ತಿತು. ಅದನ್ನು ಆರಿಸಲು ಹೋದ ಲಿಯೋಪೋಲ್ಡನು ಹೃದಯಾಘಾತದಿಂದ ಅಲ್ಲಿಯೇ ಮಡಿದನು. ಆಗ ಆತನಿಗೆ 61 ವರ್ಷ. ಎ ಸ್ಯಾಂಡ್ ಕೌಂಟಿ ಆಲ್ಮನಾಕ್ ಎಂಬ ಆ ಪುಸ್ತಕವು 1949ರಲ್ಲಿ ಹೊರಬಂದಿತು.

ಮಕ್ಕಳೈವರೂ ಪ್ರಕೃತಿಯ ಅಧ್ಯಯನವನ್ನೇ ಹಿಡಿದರು. ಅವರಲ್ಲಿ ನೀನಾ ಎಂಬಾಕೆ 1976ರಲ್ಲಿ ಆ ಜಮೀನಿಗೆ ಹಿಂದಿರುಗಿ, ನಿಂತುಹೋಗಿದ್ದ ದಾಖಲೆಯನ್ನು ಮತ್ತೆ ಬರೆಯತೊಡಗಿದಳು. ತಂದೆಯ ಬರಹವನ್ನೂ ತನ್ನದನ್ನೂ ಹೋಲಿಸಿ 1999ರಲ್ಲಿ ಸಹೋದ್ಯೋಗಿಗಳೊಡನೆ ಪ್ರಕಟಿಸಿದ ಲೇಖನದಲ್ಲಿ, ಹಲವು ಹೂಗಳೂ ಹಕ್ಕಿಗಳೂ ತಂದೆಯ ಕಾಲಕ್ಕಿಂತ ಮುಂಚಿತವಾಗಿಯೇ ಕಾಣಿಸಿಕೊಳ್ಳುತ್ತಿವೆಯೆಂದು ತೋರಿಸಿಕೊಟ್ಟಳು.